ಹೊರಗೆ ಕೊಟ್ಟ ಕೆಲಸವನ್ನು ವಾಪಸ್ ಊರಿಗೆ ತರೋದು ಹೇಗೆ

ನಮ್ಮ ತೋಟದ ಕಾಫಿಯನ್ನು ಪುಡಿ ಮಾಡಿಸಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಆರ್ಡರ್, ಫೋನ್, ಪ್ಯಾಕಿಂಗ್ ಎಲ್ಲ ಬೆಂಗಳೂರಿನ ಒಂದು ಏಜೆನ್ಸಿಗೆ ಕೊಟ್ಟಿದ್ದೆವು. ಈಗ ಮಡಿಕೇರಿಗೆ ತಂದಿದ್ದೇವೆ. ಕೊಡಗಿನಲ್ಲಿ ಇದೇ ಯೋಚನೆಯಲ್ಲಿ ಇರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲನೆಯದು, ಎಲ್ಲವನ್ನೂ ತರಬೇಡಿ. ಲೆಕ್ಕಪತ್ರ ಮೈಸೂರಿನ ಆಡಿಟರ್ ಹತ್ತಿರ ಇದ್ದರೆ ಅಲ್ಲೇ ಇರಲಿ. ಗಿರಾಕಿ ನೇರವಾಗಿ ಮಾತಾಡುವ ಕೆಲಸ ಮಾತ್ರ ಮನೆಗೆ ಬರಲಿ. ದೊಡ್ಡವರೂ ಹೀಗೆ ಮಾಡಿದ್ದಾರೆ. 2003ರಲ್ಲಿ ಡೆಲ್ ಕಂಪನಿ, ದೂರು ಜಾಸ್ತಿಯಾಯ್ತು ಅಂತ, ತನ್ನ ಕಾರ್ಪೊರೇಟ್ ಗಿರಾಕಿಗಳ ಕೆಲವು ಸಪೋರ್ಟ್ ಕಾಲ್‌ಗಳನ್ನು ಬೆಂಗಳೂರಿನಿಂದ ವಾಪಸ್ ಅಮೆರಿಕಕ್ಕೆ ತಿರುಗಿಸಿತು. ಬೆಂಗಳೂರಿನ ಸೆಂಟರ್ ಮಾತ್ರ ಮುಚ್ಚಲಿಲ್ಲ.

ಆಮೇಲೆ ಓಟಿಪಿ ಯಾರ ಮೊಬೈಲಿಗೆ ಹೋಗ್ತಿದೆ ಅಂತ ನೋಡಿ. ನಮ್ಮ ಡೊಮೇನ್, ಕೊರಿಯರ್ ಅಕೌಂಟ್, ಜಿಎಸ್‌ಟಿ ಮೂರಕ್ಕೂ ಏಜೆನ್ಸಿಯ ಒಬ್ಬ ಹುಡುಗನ ನಂಬರ್ ಹಾಕಿದ್ದರು, ಅವನು ಕೆಲಸ ಬಿಟ್ಟು ಹೋಗಿದ್ದ. ಏಜೆನ್ಸಿಗೆ ನೋಟಿಸ್ ಕೊಡುವ ಮೊದಲೇ ಎಲ್ಲವನ್ನೂ ನಿಮ್ಮ ನಂಬರಿಗೆ ಮಾಡಿಸಿಕೊಳ್ಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಾನ್-ಕೋರ್ ಅಮೆಂಡ್‌ಮೆಂಟ್ ಅಂತ ಇದೆ, ಅಲ್ಲಿ ಮೊಬೈಲ್ ನಂಬರ್ ಬದಲಾಯಿಸಬಹುದು.

ನಿಜವಾಗಿ ಕಷ್ಟ ಇರೋದು ಬಾಯಿಮಾತಿನಲ್ಲಿ ನಡೆಯೋ ವಿಷಯದಲ್ಲಿ. ಏಜೆನ್ಸಿ ಕೊಟ್ಟ ಎಕ್ಸೆಲ್ ಶೀಟಿನಲ್ಲಿ ಹೆಸರು, ವಿಳಾಸ, ಎಷ್ಟು ಕೆಜಿ, ಅಷ್ಟೇ ಇತ್ತು. ಫೋನ್ ಎತ್ತುತ್ತಿದ್ದ ಹುಡುಗಿಯ ನೋಟ್‌ಬುಕ್ ತೆಗೆದು ನೋಡಿದರೆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಳು: 'ಅಜ್ಜಿಗೆ ಚಿಕೋರಿ ಬೇಡ, ಪುಡಿ ಸ್ವಲ್ಪ ದಪ್ಪ, ಪಾರ್ಸೆಲ್ ಪಕ್ಕದ ಮನೆಗೆ.' ಇಂಥವು ಎಷ್ಟೋ ಇದ್ದವು. ಮೂರು ದಿನ ಅವಳ ಪಕ್ಕ ಕೂತು ಒಂದೊಂದನ್ನೂ ಬರೆದುಕೊಂಡೆ. ನೀವೂ ಹೋಗಿ ಕೂರಿ, ವೀಡಿಯೊ ಕಾಲ್‌ನಲ್ಲಿ ಇದೆಲ್ಲ ಬರಲ್ಲ, ಯಾಕೆಂದರೆ ತನಗೆ ಇಷ್ಟೆಲ್ಲ ಗೊತ್ತಿದೆ ಅಂತ ಅವಳಿಗೇ ಗೊತ್ತಿರಲ್ಲ. ಆ ಮೇಲೆ ಒಂದು ತಿಂಗಳು ಎರಡೂ ಕಡೆ ಕೆಲಸ ನಡೆಯಲಿ. ಎರಡು ಕಡೆ ದುಡ್ಡು ಕೊಡಬೇಕಲ್ವಾ ಅಂತ ಅನಿಸುತ್ತೆ. ಕೊಡಿ. ಹಳೇ ಗಿರಾಕಿಯನ್ನು ಕಳೆದುಕೊಂಡರೆ ಅದಕ್ಕಿಂತ ಜಾಸ್ತಿ ನಷ್ಟ.

ಪ್ಯಾಕಿಂಗ್ ನಿಮ್ಮ ಶೆಡ್ಡಿಗೆ ಬಂದರೆ ಆ ಜಾಗಕ್ಕೇ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇಲ್ಲವೇ ಲೈಸೆನ್ಸ್ ಬೇಕು. 14 ಅಂಕಿಯ ಹೊಸ ನಂಬರ್ ಬಂದ ಮೇಲೆಯೇ ಲೇಬಲ್ ಪ್ರಿಂಟಿಗೆ ಕೊಡಿ.

ಯಾವಾಗ ತರೋದು? ಡಿಸೆಂಬರ್, ಜನವರಿಯಲ್ಲಿ ಬೇಡ, ಹಣ್ಣು ಕುಯ್ಯುವಾಗ ಯಾರಿಗೂ ಪುರುಸೊತ್ತಿರಲ್ಲ. ಜೂನ್ ಆದ ಮೇಲಂತೂ ಬೇಡವೇ ಬೇಡ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಎರಡು ದಿನ ಬರದೇ ಇರಬಹುದು. ಫೆಬ್ರವರಿ ಕೊನೆಗೆ ಶುರು ಮಾಡಿದರೆ ಮಳೆಗಾಲದ ಹೊತ್ತಿಗೆ ಎಲ್ಲ ಕೈಗೆ ಹತ್ತಿರುತ್ತೆ. ಇನ್ವರ್ಟರ್ ಇರಲಿ, ಇಂಟರ್ನೆಟ್ ಬೇರೆ ಬೇರೆ ಕಂಪನಿಯ ಎರಡು ಇರಲಿ.

ಗಿರಾಕಿಗಳ ಪೂರ್ತಿ ಪಟ್ಟಿ, ಹಳೇ ಆರ್ಡರ್‌ಗಳ ಸಮೇತ, ನಿಮ್ಮ ಕಂಪ್ಯೂಟರಿಗೆ ಬಂದು, ನೀವು ತೆರೆದು ನೋಡಿದ ಮೇಲೆ ಏಜೆನ್ಸಿಯ ಕೊನೆಯ ಬಿಲ್ ಕೊಡಿ.