ನಾಲೆ ಏರಿ ಮೇಲೆ ಓಡುವ ಗಾಡಿಯ ಚೈನು

ನಮ್ಮೂರು ಪಾಂಡವಪುರದ ಹತ್ತಿರ. ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಬೈಕಿನಲ್ಲಿ ಹೋಗಿ ಬರೋಕೆ ದಿನಕ್ಕೆ 60 ಕಿಲೋಮೀಟರ್. ಅದರಲ್ಲಿ ಮೊದಲ ನಾಲ್ಕು ಕಿಲೋಮೀಟರ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ. ಬೇಸಿಗೆಯಲ್ಲಿ ಮೊಣಕಾಲುದ್ದ ದೂಳು, ನಾಟಿ ಕಾಲದಲ್ಲಿ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಗದ್ದೆ ಕೆಸರು. ಇದೆಲ್ಲ ನೇರ ಹೋಗಿ ಕೂರುವುದು ಚೈನಿನ ಮೇಲೆ.

ಹೋದ ವರ್ಷ ನಾನೊಂದು ಚೈನ್ ಸೆಟ್ (ಚೈನು, ಅದು ಕೂರುವ ಎರಡು ಹಲ್ಲುಚಕ್ರ) ಹಾಳು ಮಾಡಿಕೊಂಡೆ. ಎಣ್ಣೆ ಹಾಕದೆ ಅಲ್ಲ, ಜಾಸ್ತಿ ಟೈಟ್ ಮಾಡಿಸಿ. ಚೈನು ಕವರಿಗೆ ಬಡಿಯುತ್ತಿದೆ ಅಂತ ದಾರಿಯಲ್ಲಿದ್ದ ಗ್ಯಾರೇಜಿಗೆ ಬಿಟ್ಟಿದ್ದೆ. ವೀಣೆ ತಂತಿ ಹಾಗೆ ಬಿಗಿದು ಕೊಟ್ಟರು. ಸದ್ದು ನಿಂತಿತು, ನನಗೂ ಖುಷಿ. ಸಂಜೆ ಅಪ್ಪನನ್ನು ಕೂರಿಸಿಕೊಂಡು ಹೊರಟರೆ ಕುಂಯ್ ಅಂತ ಹೊಸ ಸದ್ದು. ಅಪ್ಪ ಇಳಿದರೆ ಇಲ್ಲ, ಹತ್ತಿದರೆ ಇದೆ. "ನಾನೇನು ಅಷ್ಟು ಭಾರ ಇದೀನೇನ್ಲಾ?" ಅಂದರು.

ವಿಷಯ ಇಷ್ಟೇ. ಹಿಂದೆ ಭಾರ ಬಿದ್ದಾಗ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಕ್ಕೆ ಏಳುತ್ತದೆ. ಮುಂದಿನ ಸ್ಪ್ರಾಕೆಟ್ (ಹಲ್ಲುಚಕ್ರ), ಸ್ವಿಂಗ್ ಆರ್ಮ್ ತಿರುಗುವ ಬೋಲ್ಟು, ಹಿಂದಿನ ಚಕ್ರದ ಆಕ್ಸಲ್ (ಅಚ್ಚು), ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿ. ಖಾಲಿ ಗಾಡಿಯಲ್ಲೇ ಬಿಗಿ ಇದ್ದರೆ ಆಗ ಎಳೆಯೋಕೆ ಇನ್ನೇನೂ ಉಳಿದಿರುವುದಿಲ್ಲ. ಆ ಎಳೆತ ಚೈನಿನ ಪಿನ್ನು, ಚಕ್ರದ ಬೇರಿಂಗು, ಗೇರ್ ಬಾಕ್ಸಿನ ಬೇರಿಂಗು, ಎಲ್ಲದರ ಮೇಲೂ ಬೀಳುತ್ತದೆ. ಲೂಸ್ ಚೈನು ಬಡಿದು ಹೇಳುತ್ತದೆ. ಟೈಟ್ ಚೈನು ಸುಮ್ನೆ ತಿನ್ನುತ್ತದೆ.

ಅವತ್ತಿನಿಂದ ಚೈನಿನ ಕೆಲಸ ನನ್ನದೇ. 500 ಕಿಲೋಮೀಟರಿಗೊಮ್ಮೆ ತೊಳೆದು ಎಣ್ಣೆ ಹಾಕುತ್ತೇನೆ. ದಿನಕ್ಕೆ 60ರಂತೆ ಎರಡು ವಾರದೊಳಗೆ ಅಷ್ಟು ದಾಟುತ್ತದೆ. ಹಾಗಾಗಿ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ. ಮಳೆಗಾಲದಲ್ಲಿ ಕೆಸರು ಕಂಡ ದಿನವೇ.

ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ಆಫ್, ಕೀ ಜೇಬಿನಲ್ಲಿ. ಗೇರ್ ಹಾಕಿ ಚಕ್ರ ತಾನೇ ತಿರುಗಲಿ ಅಂತ ಬಟ್ಟೆ ಹಿಡಿದವರು ಬೆರಳು ಕಳೆದುಕೊಂಡಿದ್ದಾರೆ. ಕೈಯಲ್ಲೇ ತಿರುಗಿಸಿ, ಎರಡು ನಿಮಿಷ ತಡವಾದರೆ ಏನೂ ಆಗುವುದಿಲ್ಲ.

ಮೊದಲು ತೊಳೆಯಬೇಕು. ಕೊಳೆಯ ಮೇಲೆ ಎಣ್ಣೆ ಹಾಕಿದರೆ ಅದು ಸಾಣೆ ಹಿಡಿಯುವ ಮಸಾಲೆಯಾಗುತ್ತದೆ, ಅಷ್ಟೇ. ಸೀಮೆಎಣ್ಣೆ ಸಿಕ್ಕರೆ ಒಳ್ಳೇದು. ಈಗ ರೇಷನ್ನಿನಲ್ಲಿ ಎಲ್ಲಿ ಸಿಗುತ್ತೆ, ಚೈನ್ ಕ್ಲೀನರ್ ಸ್ಪ್ರೇ ತಂದುಬಿಡಿ. ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಪೆಟ್ರೋಲು, ತಂತಿ ಬ್ರಷ್ಷು ಎರಡೂ ಬೇಡ, ಅದರಲ್ಲೂ ಓ-ರಿಂಗ್ ಚೈನಿಗೆ. ಪಿನ್ನಿನ ಸುತ್ತ ಇರುವ ಆ ರಬ್ಬರ್ ಉಂಗುರಗಳು ಒಳಗಿನ ಗ್ರೀಸು ಹಿಡಿದಿಟ್ಟಿರುತ್ತವೆ. ಅವು ಹೋದರೆ ಚೈನು ಹೋಯಿತು. ಕೊನೆಗೆ ಹಳೇ ಬನಿಯನ್ನಿನಲ್ಲಿ ಒಣಗುವ ತನಕ ಒರೆಸಿ.

ಎಣ್ಣೆ ವಿಷಯದಲ್ಲಿ ನಮ್ಮ ಕಡೆ ಒಂದು ಕೆಟ್ಟ ಚಾಳಿ. ಇಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲನ್ನೇ ಸುರಿಯುವುದು. ಅದರಲ್ಲಿ ಮಸಿ, ಲೋಹದ ಪುಡಿ ಎಲ್ಲಾ ಇರುತ್ತೆ. ತೆಳ್ಳಗಿರುವುದರಿಂದ ಅರ್ಧ ಪ್ಯಾಂಟಿಗೆ, ಅರ್ಧ ಟೈರಿಗೆ ಸಿಡಿಯುತ್ತದೆ. ನಾನು ಹಾಕುವುದು 90 ನಂಬರ್ ಗೇರ್ ಆಯಿಲ್. ಚೈನ್ ಲ್ಯೂಬ್ ಸ್ಪ್ರೇ ಆದರೂ ಸರಿ. ಕೆಳಗಿನ ಸಾಲಿನಲ್ಲಿ, ಚೈನಿನ ಒಳಮೈಗೆ ಹಾಕಿ. ತಿರುಗುವಾಗ ಅದೇ ಹೊರಕ್ಕೆ ಹರಡುತ್ತದೆ. ಸಂಜೆ ಗಾಡಿ ಓಡಿಸಿ ಬಂದು, ಚೈನು ಇನ್ನೂ ಬೆಚ್ಚಗಿದ್ದಾಗ ಹಾಕಿ ರಾತ್ರಿ ಬಿಟ್ಟರೆ ಚೆನ್ನಾಗಿ ಇಳಿಯುತ್ತದೆ. ಜಾಸ್ತಿ ಆದದ್ದನ್ನು ಬೆಳಗ್ಗೆ ಒರೆಸಿಬಿಡಿ.

ಇನ್ನು ಲೂಸ್ ನೋಡುವುದು. ಎರಡು ಸ್ಪ್ರಾಕೆಟ್ಟುಗಳ ನಡುಮಧ್ಯೆ ಕೆಳಗಿನ ಚೈನನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ. ನನ್ನ 150 ಸಿಸಿ ಗಾಡಿಗೆ 25ರಿಂದ 35 ಮಿಲಿಮೀಟರ್ ಆಡಬೇಕು. ನಿಮ್ಮದಕ್ಕೆ ಎಷ್ಟು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಪೂರ್ತಿ ಚೈನ್ ಕವರ್ ಇರುವ ಸ್ಪ್ಲೆಂಡರ್ ತರಹದ ಗಾಡಿಗಳಲ್ಲಿ ಕವರಿನ ರಬ್ಬರ್ ಮುಚ್ಚಳ ತೆಗೆದು ನೋಡಬಹುದು. ಒಂದೇ ಕಡೆ ನೋಡಿ ಮುಗಿಸಬೇಡಿ. ಚೈನು ಎಲ್ಲಾ ಕಡೆ ಸಮನಾಗಿ ಸವೆಯುವುದಿಲ್ಲ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿಯೋ ಅಲ್ಲಿ ಅಳತೆ ಸರಿ ಮಾಡಿ. ಕೊನೆಗೆ ಅಪ್ಪನನ್ನು ಕೂರಿಸಿ ಇನ್ನೊಮ್ಮೆ ಆಡಿಸಿ ನೋಡುತ್ತೇನೆ. ಆಗಲೂ ಸ್ವಲ್ಪ ಆಡಲೇಬೇಕು.

ಬಿಗಿಯಬೇಕಾದರೆ ಆಕ್ಸಲ್ ನಟ್ ಸಡಿಲ ಮಾಡಿ, ಚಕ್ರವನ್ನು ಹಿಂದಕ್ಕೆ ಸರಿಸುವ ಎರಡೂ ಕಡೆಯ ಅಡ್ಜಸ್ಟರನ್ನು ಕಾಲು ಸುತ್ತಿನಂತೆ ಸಮವಾಗಿ ತಿರುಗಿಸಿ. ಸ್ವಿಂಗ್ ಆರ್ಮ್ ಮೇಲಿನ ಗೆರೆಗಳು ಎಡಕ್ಕೂ ಬಲಕ್ಕೂ ಒಂದೇ ಇರಲಿ, ಇಲ್ಲದಿದ್ದರೆ ಚಕ್ರ ಸೊಟ್ಟ ಕೂರುತ್ತದೆ. ನಟ್ ಬಿಗಿಯುವಾಗ ಚಕ್ರ ಮುಂದಕ್ಕೆ ಜಾರಿ ಅಳತೆ ಕೆಡುವುದುಂಟು. ಚೈನಿಗೂ ಹಿಂದಿನ ಸ್ಪ್ರಾಕೆಟ್ಟಿಗೂ ಮಧ್ಯೆ ಬಟ್ಟೆ ಸುರುಳಿ ಸಿಕ್ಕಿಸಿ ಚಕ್ರ ಒತ್ತಿ ಹಿಡಿದರೆ ಅಲ್ಲಾಡುವುದಿಲ್ಲ. ಕೆಲಸ ಮುಗಿದ ತಕ್ಷಣ ಆ ಬಟ್ಟೆ ತೆಗೆಯಿರಿ ಮತ್ತೆ!

ಸವೆದಿದೆಯಾ ಅಂತ ನೋಡಲು ನಾನು ಟೇಪು ಹಿಡಿಯುತ್ತೇನೆ. 150 ಸಿಸಿ ಆಸುಪಾಸಿನ ಗಾಡಿಗಳ 428 ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನದಕ್ಕೆ 12.7 ಮಿಲಿಮೀಟರ್. ಚೈನು ಎಳೆದು ಹಿಡಿದು 21 ಪಿನ್ನು ಎಣಿಸಿದರೆ, ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿಗೆ ಹೊಸದರಲ್ಲಿ 254 ಬರಬೇಕು. 259 ಆಯಿತೋ, ಬದಲಾಯಿಸುತ್ತೇನೆ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಟೇಪೂ ಬೇಡ. ಹಾಕಿಸುವಾಗ ಚೈನು, ಎರಡು ಸ್ಪ್ರಾಕೆಟ್ಟು ಒಟ್ಟಿಗೇ ಹಾಕಿಸಿ. ಹಳೇ ಹಲ್ಲಿಗೆ ಹೊಸ ಚೈನು ಹಾಕಿದರೆ ಅದೂ ಬೇಗ ಹಳೆಯದಾಗುತ್ತದೆ.

ಚೈನಿನ ಎರಡು ತುದಿ ಕೂಡಿಸುವ ಕೊಂಡಿ, ಅಂದರೆ ಚೈನ್ ಲಾಕ್, ಕ್ಲಿಪ್ ಇರುವಂಥದ್ದಾದರೆ ಕ್ಲಿಪ್ಪಿನ ದಿಕ್ಕು ನೋಡಿ. ಅದು ಮೀನಿನ ಆಕಾರ ಇರುತ್ತದೆ. ಚೈನು ಓಡುವ ದಿಕ್ಕಿಗೆ ಮೀನಿನ ತಲೆ, ಅಂದರೆ ಮುಚ್ಚಿದ ತುದಿ ಮುಂದಿರಬೇಕು. ಉಲ್ಟಾ ಹಾಕಿದರೆ ಏನಾದರೂ ತಗುಲಿ ಹಾರಿಹೋಗಬಹುದು. ಇಪ್ಪತ್ತೋ ಮೂವತ್ತೋ ರೂಪಾಯಿಯ ಇನ್ನೊಂದು ಲಾಕು ನನ್ನ ಸೀಟಿನ ಕೆಳಗೆ ಯಾವಾಗಲೂ ಇರುತ್ತದೆ.

ಹಿಂದಿನದು ಡ್ರಮ್ ಬ್ರೇಕ್ ಆದರೆ, ಚಕ್ರ ಹಿಂದಕ್ಕೆ ಸರಿದಾಗ ಬ್ರೇಕ್ ರಾಡೂ ಎಳೆದುಕೊಂಡಿರುತ್ತದೆ. ಪೆಡಲು ಒತ್ತಿ ನೋಡಿ, ಚಕ್ರ ಸರಾಗ ತಿರುಗುತ್ತಾ ನೋಡಿ, ಆಮೇಲೆ ಗಾಡಿ ತೆಗೆಯಿರಿ.