ನಮ್ಮ ನಾಯಿ ಕರಿಯನ ಜೊತೆ ಕಡಲ ಬದಿಯ ಮನೆಯಲ್ಲಿ: ನನ್ನ ಅನುಭವ

ಕಡಲ ಬದಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಎಲ್ಲರೂ ಮೊದಲು ಕೇಳೋದು ಒಂದೇ: ಕಿಟಕಿ ತೆಗೆದರೆ ಸಮುದ್ರ ಕಾಣುತ್ತಾ? ಜೊತೆಗೆ ನಾಯಿ ಇದ್ದರೆ ಮೊದಲು ಕೇಳಬೇಕಾದ್ದು ಬೇರೆ. ಗೇಟಿನ ಕೆಳಗೆ ಎಷ್ಟು ಸಂದಿ ಇದೆ? ಕಾಂಪೌಂಡು ಸುತ್ತಲೂ ಇದೆಯಾ, ಇಲ್ಲ ರಸ್ತೆ ಕಡೆ ಮಾತ್ರವಾ? ನಲ್ಲಿಯಲ್ಲಿ ಬರೋದು ಸಿಹಿನೀರಾ, ಉಪ್ಪುನೀರಾ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಾವು ಬೆಂಗಳೂರಿನವರು. ನಾನು, ನಮ್ಮವರು, ಇಬ್ಬರು ಮಕ್ಕಳು, ಅತ್ತೆ, ಮತ್ತೆ ಕರಿಯ. ಕರಿಯ ಅರ್ಧ ಲ್ಯಾಬ್ರಡಾರ್, ಅರ್ಧ ನಮ್ಮ ಬೀದಿಯದೇ ತಳಿ. ತೂಕ 26 ಕಿಲೋ. ಅವನನ್ನು ಬೋರ್ಡಿಂಗಿನಲ್ಲಿ ಬಿಟ್ಟರೆ ಊಟವೇ ಮಾಡಲ್ಲ. ಹಾಗಾಗಿ ಹೋದರೆ ಎಲ್ಲರೂ ಹೋಗೋಣ, ಇಲ್ಲಾಂದ್ರೆ ಬೇಡ ಅಂತ ಮಕ್ಕಳು ಹಟ ಹಿಡಿದರು. ನನಗೂ ಅದೇ ಸರಿ ಅನ್ನಿಸಿತು. ರೆಸಾರ್ಟು ನಮಗೆ ಹೊಂದಲ್ಲ. ಅಲ್ಲಿ ಈಜುಕೊಳದ ಹತ್ತಿರ ಬಿಡಬೇಡಿ, ಊಟದ ಹಾಲಿಗೆ ತರಬೇಡಿ ಅಂತ ಹೇಳಿ, ಕೊನೆಗೆ ನಾಯಿ ಇಡೀ ದಿನ ರೂಮಿನಲ್ಲೇ ಇರಬೇಕಾಗುತ್ತೆ. ಇಡೀ ಮನೆ ಬಾಡಿಗೆಗೆ ಸಿಕ್ಕರೆ ಅತ್ತೆಗೆ ಅಡುಗೆಮನೆ ಸಿಗುತ್ತೆ, ಕರಿಯನಿಗೆ ಅಂಗಳ ಸಿಗುತ್ತೆ.

ಕುಂದಾಪುರ, ಬೈಂದೂರು ಕಡೆ ಹೋಗೋಣ ಅಂತ ಮಾಡಿದೆವು. ಗೋಕರ್ಣದಲ್ಲಿ ಡಿಸೆಂಬರ್‌ನಲ್ಲಿ ಜನ ಜಾಸ್ತಿ. ಪಡುಬಿದ್ರಿ, ಹೊನ್ನಾವರದ ಕಾಸರಕೋಡಿನ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ಚೊಕ್ಕಟವಾಗಿವೆ, ಆದರೆ ಬ್ಲೂ ಫ್ಲ್ಯಾಗ್ ನಿಯಮದಲ್ಲಿ ಸಾಕುಪ್ರಾಣಿಗಳಿಗೆ ಬಿಗಿ ನಿರ್ಬಂಧ ಇದೆ. ಇನ್ನು ಮರವಂತೆ. ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೋಡಲು ಅದರಷ್ಟು ಚೆಂದದ ಜಾಗ ನಮ್ಮ ಕರಾವಳಿಯಲ್ಲಿ ಕಡಿಮೆ. ಆದರೆ ಲಾರಿ, ಬಸ್ಸು ಓಡಾಡುವ ರಸ್ತೆ ಕಡಲಿಗೆ ಅಂಟಿಕೊಂಡೇ ಇದೆ. ಕಡಲ್ಕೊರೆತ ತಡೆಯಲು ಹಾಕಿದ ದೊಡ್ಡ ದೊಡ್ಡ ಬಂಡೆಗಳ ಸಂದಿಯಲ್ಲಿ ನಾಯಿಯ ಕಾಲು ಸಿಕ್ಕಿಕೊಳ್ಳಬಹುದು. ಅದಕ್ಕೆ ಅಲ್ಲಿಂದ ಇನ್ನಷ್ಟು ಉತ್ತರಕ್ಕೆ, ಹೆದ್ದಾರಿ ಕಡಲಿನಿಂದ ದೂರ ಸರಿಯುವ ಕಡೆ ಹುಡುಕಿದೆವು.

ಆ್ಯಪ್‌ಗಳಲ್ಲಿ ‘ಸಾಕುಪ್ರಾಣಿಗಳಿಗೆ ಅವಕಾಶವಿದೆ’ ಅಂತ ಇರುತ್ತೆ. ಅದನ್ನು ಓದಿ ಸುಮ್ನೆ ದುಡ್ಡು ಕಟ್ಟಬೇಡಿ. ಮನೆ ಯಜಮಾನರ ಹತ್ತಿರ ಫೋನಿನಲ್ಲಿ ಮಾತಾಡಲೇಬೇಕು. ಒಬ್ಬರು ‘ಬನ್ನಿ ಬನ್ನಿ’ ಅಂದವರು, ರಾತ್ರಿ ನಾಯಿ ಎಲ್ಲಿ ಮಲಗಬೇಕು ಅಂತ ಕೇಳಿದಾಗ ಕಾರ್ ಶೆಡ್ಡಿನಲ್ಲಿ ಕಟ್ಟಿ ಅಂದರು. ಇನ್ನೊಂದು ಮನೆಯ ಹಿತ್ತಲಿನಲ್ಲಿ ನಾಗಬನ ಇತ್ತು. ಅವರು ನಾಯಿ ಬೇಡ ಅಂತ ನೇರವಾಗಿ ಹೇಳಿದರು. ಅದು ನ್ಯಾಯವೇ. ಕರಾವಳಿಯಲ್ಲಿ ಎಷ್ಟೋ ಮನೆಗಳ ಜಾಗದಲ್ಲಿ ನಾಗಬನ, ದೈವದ ಕಟ್ಟೆ ಇರುತ್ತವೆ. ಅಲ್ಲಿ ನಾಯಿ ಸುಳಿಯಬಾರದು ಅನ್ನೋದು ಅವರಿಗೆ ನಂಬಿಕೆಯ ವಿಷಯ. ನಾವೇ ಮೊದಲು ಕೇಳಿಬಿಟ್ಟರೆ ಅವರಿಗೂ ಮುಜುಗರ ಆಗಲ್ಲ, ನಮಗೂ ಆಗಲ್ಲ.

ಕೊನೆಗೆ ಸಿಕ್ಕಿದ್ದು ಹಳೆಯ ಹೆಂಚಿನ ಮನೆ. ಯಜಮಾನರು ಮುಂಬೈಯಲ್ಲಿದ್ದಾರೆ. ಮನೆ ನೋಡಿಕೊಳ್ಳೋದು ಪಕ್ಕದ ಮನೆಯ ಅಕ್ಕ. ಅವರಿಗೆ ವಿಡಿಯೋ ಕಾಲ್ ಮಾಡಿ ಅಂಗಳ ತೋರಿಸಿ ಅಂದೆ. ಕೆಂಪು ಮುರಕಲ್ಲಿನ ಕಾಂಪೌಂಡು, ನನ್ನ ಎದೆಮಟ್ಟಕ್ಕೆ. ಕಡಲಿನ ಕಡೆಗೆ ಚಿಕ್ಕದೊಂದು ಗೇಟು. ಅದರ ಕೆಳಗೆ ಸಂದಿ ಎಷ್ಟಿದೆ ಅಂತ ಕೇಳಿದ್ದಕ್ಕೆ ಅಕ್ಕ ತಮ್ಮ ಕೈಯನ್ನೇ ಅಡ್ಡಲಾಗಿ ಇಟ್ಟು ತೋರಿಸಿದರು. ಒಂದು ಗೇಣು. ‘ಒಂದು ಹಲಗೆ ಅಡ್ಡ ಇಡ್ತೆ, ಅಡ್ಡಿಲ್ಲೆ, ಕರ್ಕಂಡ್ ಬನ್ನಿ’ ಅಂದರು. ಆ ಮಾತಿಗೇ ನಾನು ಒಪ್ಪಿಕೊಂಡೆ.

ದುಡ್ಡಿನ ವಿಷಯ ಬಾಯಿಮಾತಿನಲ್ಲಿ ಬಿಡಬೇಡಿ. ಮೂರು ಕೋಣೆಯ ಮನೆಗೆ ರಾತ್ರಿಗೆ ₹8,500, ನಾಯಿಗೆ ಅಂತ ವಾಪಸ್ ಕೊಡುವ ಠೇವಣಿ ₹3,000. ನಾಯಿ ಮನೆಯೊಳಗೆ ಇರುತ್ತೆ, ಮಂಚ ಹತ್ತಲ್ಲ, ದೇವರ ಕೋಣೆಗೂ ಬಾವಿಕಟ್ಟೆಗೂ ಬಿಡಲ್ಲ, ಏನಾದರೂ ಹಾಳಾದರೆ ಠೇವಣಿಯಲ್ಲಿ ಹಿಡಿದುಕೊಳ್ಳಿ. ಇಷ್ಟನ್ನೂ ವಾಟ್ಸಾಪಿನಲ್ಲಿ ಬರೆದು ಕಳಿಸಿ, ‘ಆಯ್ತು’ ಅಂತ ಉತ್ತರ ಬಂದ ಮೇಲೆ ಮುಂಗಡ ಹಾಕಿದೆ. ಕರಿಯನ ಫೋಟೋನೂ ಕಳಿಸಿದೆ. ನಾಯಿ ಅಂದ ಕೂಡಲೆ ಪಮೇರಿಯನ್ ಅಂದುಕೊಂಡಿರುತ್ತಾರೆ, 26 ಕಿಲೋ ಕರಿ ನಾಯಿ ಕಾರಿನಿಂದ ಇಳಿದರೆ ಗಾಬರಿ ಆಗೋದು ಸಹಜ ಅಲ್ವಾ?

ಸಮಯ ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ. ಮಾರ್ಚ್ ದಾಟಿದರೆ ಕರಾವಳಿಯ ಸೆಕೆ ದಪ್ಪ ಕೂದಲಿನ ನಾಯಿಗೆ ತಡೆಯಲ್ಲ. ಮಳೆಗಾಲದಲ್ಲಂತೂ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯಲ್ಲ.

ಹೊರಡುವ ಮೊದಲು ಕರಿಯನನ್ನು ಡಾಕ್ಟರಿಗೆ ತೋರಿಸಿದೆವು. ರೇಬಿಸ್ ಲಸಿಕೆ ಸರಿಯಾಗಿದೆಯಾ ಅಂತ ನೋಡಿದ್ದಷ್ಟೇ ಅಲ್ಲದೆ ಇಲಿಜ್ವರದ್ದೂ ಕೇಳಿ ಹಾಕಿಸಿದೆವು. ಕರಾವಳಿಯ ಒದ್ದೆ ನೆಲದಲ್ಲಿ ಅದು ಮುಖ್ಯ. ಮೈಗೆ ಹತ್ತುವ ಉಣ್ಣೆಹುಳಕ್ಕೆ ಔಷಧಿ ಕೊಡಿಸಿದೆವು. ಲಸಿಕೆ ಪುಸ್ತಕವನ್ನು ಕಾರಿನಲ್ಲೇ ಇಟ್ಟುಕೊಂಡೆವು. ತಾಲ್ಲೂಕು ಪಶು ಆಸ್ಪತ್ರೆ ಮನೆಯಿಂದ ಎಷ್ಟು ದೂರ ಅಂತ ಮೊದಲೇ ಅಕ್ಕನನ್ನು ಕೇಳಿ ಗುರುತು ಮಾಡಿಕೊಂಡಿದ್ದೆ.

ದಾರಿ ಶಿವಮೊಗ್ಗ, ತೀರ್ಥಹಳ್ಳಿ, ಮಾಸ್ತಿಕಟ್ಟೆ, ಅಲ್ಲಿಂದ ಹುಲಿಕಲ್ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರ, ಕುಂದಾಪುರ. 400 ಕಿಲೋಮೀಟರ್‌ಗಿಂತ ಜಾಸ್ತಿಯೇ. ಬೆಳಗಿನ ಜಾವವೇ ಹೊರಟೆವು. ಕರಿಯನಿಗೆ ಹಿಂದಿನ ರಾತ್ರಿ ಊಟ, ಬೆಳಗ್ಗೆ ಬರೀ ನೀರು. ಘಾಟಿಯ ತಿರುವುಗಳಲ್ಲಿ ಹೊಟ್ಟೆ ಖಾಲಿ ಇದ್ದರೆ ವಾಂತಿ ಕಡಿಮೆ. ಒಂದು ಮಾತು: ತೀರ್ಥಹಳ್ಳಿ ಸುತ್ತಮುತ್ತ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಕಾಯಿಲೆ ಅದು, ಉಣ್ಣೆಯಿಂದ ಮನುಷ್ಯರಿಗೆ ಬರುತ್ತದೆ. ಮಳೆ ಇಲ್ಲದ ಒಣ ತಿಂಗಳುಗಳಲ್ಲೇ ಜಾಸ್ತಿ. ನಾಯಿಯನ್ನು ಕಾಡಿನ ಪೊದೆಗೆ ಬಿಟ್ಟರೆ ಅದರ ಮೈಮೇಲೆ ಉಣ್ಣೆ ಕಾರಿನೊಳಗೆ ಬರುತ್ತದೆ. ಅದಕ್ಕೆ ಕಾಡಿನ ನಡುವೆ ನಿಲ್ಲಿಸಲೇ ಇಲ್ಲ. ಊರುಗಳ ಪೆಟ್ರೋಲ್ ಬಂಕಿನ ಸಿಮೆಂಟ್ ನೆಲದಲ್ಲೇ ಅವನನ್ನು ಇಳಿಸಿದೆವು.

ಮನೆ ಮುಟ್ಟಿದ ಮೇಲೆ ಮೊದಲು ಮಾಡಿದ ಕೆಲಸ, ಚೈನು ಹಿಡಿದುಕೊಂಡೇ ಕಾಂಪೌಂಡಿನ ಸುತ್ತ ಒಂದು ಸುತ್ತು ಹಾಕಿದ್ದು. ಅಕ್ಕ ಮಾತು ಕೊಟ್ಟಂತೆ ಹಲಗೆ ಇಟ್ಟಿದ್ದರು. ಕಾವಿ ನೆಲ ತಂಪಾಗಿತ್ತು, ಟೈಲ್ಸಿನ ಹಾಗೆ ಕಾಲು ಜಾರುತ್ತಿರಲಿಲ್ಲ. ಹಗಲು ಮಲಗಲು ಅವನ ಹಾಸಿಗೆಯನ್ನು ಜಗಲಿಯ ಮೂಲೆಯಲ್ಲಿ ಹಾಕಿದೆವು, ತೆಂಗಿನಮರದ ಕೆಳಗೆ ಮಾತ್ರ ಬೇಡ ಅಂತ ಅತ್ತೆ ಗಟ್ಟಿಯಾಗಿ ಹೇಳಿದರು. ನಮ್ಮ ಹಳೆಯ ಬೆಡ್‌ಶೀಟುಗಳನ್ನು ಸೋಫಾ ಮೇಲೆಲ್ಲ ಹೊದಿಸಿಬಿಟ್ಟೆ.

ಕಡಲಿನ ಹೊತ್ತು ನಾವು ಹೇಳಿದ ಹಾಗೆ ನಡೆಯಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಗ್ಗೆ ಆರಕ್ಕೆ ಅಗಲವಾಗಿ ಮರಳು ಸಿಕ್ಕಿದ್ದರೆ ನಾಳೆ ಏಳರ ಹತ್ತಿರಕ್ಕೆ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಜೋರು, ನೀರು ಗಾಳಿಮರದ ಬುಡದವರೆಗೂ ಬರುತ್ತದೆ, ನಾಯಿ ಓಡಲು ಜಾಗವೇ ಇರಲ್ಲ. ನಾವು ಹೋಗಿದ್ದು ಅಷ್ಟಮಿಯ ಆಸುಪಾಸಿಗೆ, ಹಾಗಾಗಿ ಉಬ್ಬರದಲ್ಲೂ ನಡೆಯಲು ಮರಳು ಇತ್ತು. ಮನೆ ಬುಕ್ ಮಾಡುವಾಗ ಗೋಡೆಯ ಕ್ಯಾಲೆಂಡರ್ ನೋಡಿ ತಿಥಿ ಲೆಕ್ಕ ಹಾಕೋದು ಬಹಳ ಉಪಯೋಗಕ್ಕೆ ಬರುತ್ತದೆ.

ಮರಳಿನ ಬಿಸಿ ಇನ್ನೊಂದು. ಕೈಯ ಹಿಂಬದಿಯನ್ನು ಮರಳಿನ ಮೇಲೆ ಇಟ್ಟು ಏಳು ಎಣಿಸುವವರೆಗೆ ತಡೆಯಲು ಆಗದಿದ್ದರೆ ನಾಯಿಯ ಅಂಗಾಲಿಗೂ ಅದು ಜಾಸ್ತಿ. ಡಿಸೆಂಬರ್‌ನಲ್ಲೂ ಹತ್ತು ಗಂಟೆಗೆ ಮರಳು ಕಾಯುತ್ತದೆ. ನಾವು ಎಂಟೂವರೆಗೆ ಮನೆಗೆ ಬಂದುಬಿಡುತ್ತಿದ್ದೆವು, ಮತ್ತೆ ಇಳಿಯುತ್ತಿದ್ದುದು ಸಂಜೆ ಐದಕ್ಕೆ.

ಉಪ್ಪುನೀರು ಕುಡಿಯದ ಹಾಗೆ ನೋಡಿಕೊಳ್ಳೋದು ಎಲ್ಲಕ್ಕಿಂತ ಕಷ್ಟ. ಅಲೆಯಲ್ಲಿ ಚೆಂಡು ಹಿಡಿಯುವಾಗ ನಾಯಿ ಪ್ರತಿ ಸಲ ಒಂದು ಗುಟುಕು ನುಂಗುತ್ತದೆ. ಜಾಸ್ತಿ ಆದರೆ ವಾಂತಿ, ಭೇದಿ, ಇನ್ನೂ ಜಾಸ್ತಿ ಆದರೆ ಜೀವಕ್ಕೇ ಅಪಾಯ. ಅದಕ್ಕೆ ನೀರಿನಲ್ಲಿ ಚೆಂಡಿನ ಆಟ ಬೇಡ ಅಂತ ಮಕ್ಕಳಿಗೆ ಹೇಳಿ, ಒಣ ಮರಳಿನಲ್ಲಿ ಮಾತ್ರ ಎಸೆಯಲು ಬಿಟ್ಟೆ. ಸಿಹಿನೀರಿನ ಬಾಟಲಿ, ಬಟ್ಟಲು ಸದಾ ಕೈಯಲ್ಲಿ. ಹತ್ತು ನಿಮಿಷಕ್ಕೊಮ್ಮೆ ಕುಡಿಸುತ್ತಿದ್ದೆ. ನೀರಿಗೆ ಇಳಿದರೂ ಅವನ ಹೊಟ್ಟೆಮಟ್ಟಕ್ಕೆ, ಉದ್ದ ಹಗ್ಗ ನಮ್ಮವರ ಕೈಯಲ್ಲಿ. ಅಳಿವೆ ಕಡೆಗಂತೂ ಹೋಗಲೇ ಇಲ್ಲ. ಹೊಳೆ ಕಡಲು ಸೇರುವ ಜಾಗದಲ್ಲಿ ಸೆಳೆತ ಈಜು ಬಲ್ಲವರನ್ನೂ ಬಿಡಲ್ಲ.

ಮನೆಗೆ ಬಂದ ಮೇಲೆ ಅಂಗಳದ ನಲ್ಲಿಯಲ್ಲಿ ಸ್ನಾನ. ಬೆರಳುಗಳ ಸಂದಿ ಬಿಡಿಸಿ ಮರಳು ತೆಗೆದು, ಕಿವಿ ಮಡಚಿ ಒಳಗೆಲ್ಲ ಒಣ ಬಟ್ಟೆಯಲ್ಲಿ ಒರೆಸಬೇಕು. ಜೋತುಬಿದ್ದ ಕಿವಿಯ ನಾಯಿಗೆ ಅಲ್ಲಿ ತೇವ ಉಳಿದರೆ ಸೋಂಕು ಗ್ಯಾರಂಟಿ. ಆ ಕೆಲಸವನ್ನು ನನ್ನ ಮಗಳು ಯಾರಿಗೂ ಬಿಟ್ಟುಕೊಡಲಿಲ್ಲ.

ಇನ್ನು ಮುಖ್ಯವಾದ ವಿಷಯ. ನಾವು ಬೀಚ್ ಅಂತ ಕರೆಯೋದು ಅಲ್ಲಿನ ಮೀನುಗಾರರಿಗೆ ಮನೆಯಂಗಳ. ಬಲೆ ಹರಡೋದು ಅಲ್ಲೇ, ದೋಣಿ ಎಳೆಯೋದು ಅಲ್ಲೇ, ಮೀನು ಒಣಗಿಸೋದೂ ಅಲ್ಲೇ. ಮೊದಲ ಬೆಳಗ್ಗೆಯೇ ಒಬ್ಬ ಹೆಂಗಸು ದೂರದಿಂದ ಕೂಗಿ ಹೇಳಿದರು, ‘ಅಮ್ಮಾ, ನಾಯಿನ್ ಹಿಡ್ಕಣಿ. ಅಲ್ಲ್ ಮೀನ್ ಒಣ್ಸುಕ್ ಹಾಕಿತ್.’ ಕರಿಯ ಆಗಲೇ ಮೂಗು ಎತ್ತಿದ್ದ. ಚೈನು ಕೈಯಲ್ಲೇ ಇತ್ತು. ನಾವು ನೀರಿನ ಅಂಚಿಗೆ ಸರಿದು ದೂರದಿಂದ ಸುತ್ತಿ ಹೋದೆವು. ಅವರ ಒಂದು ದಿನದ ದುಡಿಮೆ ಆ ಚಾಪೆಯ ಮೇಲಿರುತ್ತದೆ. ಮಾರನೇ ದಿನ ಅವರೇ ಮಾತಾಡಿಸಿದರು, ‘ಕಚ್ಚತ್ತಾ?’ ಅಂತ ಕೇಳಿ ಕರಿಯನ ತಲೆ ಸವರಿದರು. ಆಮೇಲೆ ನಮ್ಮ ಮನೆಗೆ ಬಂಗುಡೆ ಅವರ ಕೈಯಿಂದಲೇ ಬರುತ್ತಿತ್ತು.

ಅವರು ಹೇಳಿಕೊಟ್ಟ ಪಾಠ ಇನ್ನೊಂದಿದೆ. ಬಲೆಗೆ ಬಿದ್ದ ಬೇಡದ ಮೀನುಗಳನ್ನು ದಡದಲ್ಲೇ ಎಸೆದಿರುತ್ತಾರೆ. ಅದರಲ್ಲಿ ಚೆಂಡಿನ ಹಾಗೆ ಹೊಟ್ಟೆ ಊದಿಸಿಕೊಳ್ಳುವ ಪಫರ್ ಮೀನೂ ಇರುತ್ತದೆ. ಅದರ ಮೈಯಲ್ಲಿರೋದು ಟೆಟ್ರೊಡೊಟಾಕ್ಸಿನ್ ಎಂಬ ವಿಷ. ಬಿಸಿಲಿಗೆ ಒಣಗಿದರೂ ವಿಷ ಹೋಗಲ್ಲ, ಅದನ್ನು ಇಳಿಸುವ ಮದ್ದೂ ಇಲ್ಲ. ಅಲೆಯ ಗೆರೆಯುದ್ದಕ್ಕೂ ಬಿದ್ದ ಮೀನಿನ ಮುಳ್ಳು, ತುಂಡಾದ ಗಾಳ, ಬಲೆಯ ಚೂರು ಎಲ್ಲವೂ ನಾಯಿಯ ಮೂಗಿಗೆ ಚಂದ. ಇಲ್ಲಿ ನಾಯಿಯನ್ನು ಚೈನಿಲ್ಲದೆ ಬಿಡಬಾರದು ಅನ್ನೋದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಕಡಲಾಮೆಯದ್ದೂ ಹೇಳಲೇಬೇಕು. ನಾವು ನಾಯಿ ಕರೆದುಕೊಂಡು ಹೋಗುವ ಚಳಿಗಾಲದ ತಿಂಗಳುಗಳಲ್ಲೇ ಆಲಿವ್ ರಿಡ್ಲಿ ಆಮೆಗಳು ಈ ದಡಕ್ಕೆ ಮೊಟ್ಟೆ ಇಡಲು ಬರುತ್ತವೆ. ರಾತ್ರಿ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತವೆ. ಮರಿ ಹೊರಬರಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಅಷ್ಟರೊಳಗೆ ಒಂದು ನಾಯಿ ಕೆದರಿದರೆ ಎಲ್ಲವೂ ಹೋಯಿತು. ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವಿಗಳು. ಅರಣ್ಯ ಇಲಾಖೆಯವರು, ಊರಿನ ಹುಡುಗರು ಗೂಡಿನ ಸುತ್ತ ಬೇಲಿ ಹಾಕಿ ಕಾಯುತ್ತಾರೆ. ಕತ್ತಲಾದ ಮೇಲೆ ಕರಿಯನನ್ನು ಮರಳಿಗೆ ಬಿಡಲೇ ಇಲ್ಲ. ಕಡಲ ಕಡೆಯ ಲೈಟುಗಳನ್ನೂ ಆರಿಸಿದೆವು. ಮರಿಗಳು ಬೆಳಕು ಕಂಡ ಕಡೆಗೆ ಹೋಗುವುದರಿಂದ ಮನೆಯ ದೀಪಕ್ಕೆ ಮೋಸಹೋಗಿ ಕಡಲಿಗೆ ಬೆನ್ನು ಹಾಕುತ್ತವೆ.

ರಾತ್ರಿ ನಾಯಿ ಮನೆಯೊಳಗೇ ಮಲಗಬೇಕು ಅಂತ ನಾನು ಮೊದಲೇ ಷರತ್ತು ಹಾಕಿದ್ದಕ್ಕೆ ಬೇರೆ ಕಾರಣವೂ ಇದೆ. ಕುಂದಾಪುರ, ಬೈಂದೂರಿನ ಹಳ್ಳಿಗಳಲ್ಲಿ ಚಿರತೆ ಓಡಾಡುತ್ತದೆ. ಕಟ್ಟಿಹಾಕಿದ ನಾಯಿ ಅದಕ್ಕೆ ಸುಲಭದ ತುತ್ತು. ಎದೆಮಟ್ಟದ ಕಾಂಪೌಂಡು ಚಿರತೆಗೆ ಲೆಕ್ಕಕ್ಕಿಲ್ಲ. ಶೆಡ್ಡಿನಲ್ಲಿ ಕಟ್ಟಿ ಅಂದವರ ಮನೆಯನ್ನು ಬಿಟ್ಟಿದ್ದು ಇದಕ್ಕೇ. ಊರನಾಯಿಗಳ ಕಾಟ ಮಾತ್ರ ಆಗಲಿಲ್ಲ. ಅಕ್ಕನ ಮನೆಯ ನಾಯಿ ಮೊದಲ ದಿನ ಬೊಗಳಿ, ಎರಡನೇ ದಿನ ನಮ್ಮ ಜೊತೆಗೇ ಬರತೊಡಗಿತು. ಅದು ಜೊತೆಗಿದ್ದರೆ ಮಿಕ್ಕವು ಸುಮ್ಮನಿರುತ್ತಿದ್ದವು.

ಅತ್ತೆಗೆ ಒಲೆ, ಕುಚ್ಚಲಕ್ಕಿ, ಅಕ್ಕನ ಹಿತ್ತಲ ಬಸಳೆ ಎಲ್ಲ ಸಿಕ್ಕಿ ಬಹಳ ಖುಷಿಯಾಗಿತ್ತು. ಕರಿಯನಿಗೆ ಮನೆಯಿಂದ ತಂದ ಅವನದೇ ಊಟ. ಜಾಗ ಬದಲಾದಾಗ ಊಟವನ್ನೂ ಬದಲಾಯಿಸಬಾರದು.

ಹೊರಡುವ ಬೆಳಗ್ಗೆ ಎರಡು ಗಂಟೆ ಬರೀ ಗುಡಿಸಿ ಒರೆಸಲು ಇಟ್ಟುಕೊಂಡಿದ್ದೆವು. ಕೂದಲು ಒದ್ದೆ ಬಟ್ಟೆಗೆ ಚೆನ್ನಾಗಿ ಅಂಟುತ್ತದೆ. ಸೋಫಾ, ಕಿಟಕಿ ಕಟ್ಟೆ, ಮಂಚದ ಕೆಳಗೆಲ್ಲ ಒರೆಸಿ, ಅಂಗಳದಲ್ಲಿ ಕರಿಯ ತೋಡಿದ ಗುಂಡಿಗಳನ್ನು ಮಕ್ಕಳ ಕೈಯಲ್ಲಿ ಮುಚ್ಚಿಸಿದೆ. ಅವನ ಕಕ್ಕಸನ್ನು ದಿನಾ ಎತ್ತಿ ಮೂಲೆಯಲ್ಲಿ ಗುಂಡಿ ತೆಗೆದು ಹೂಳುತ್ತಿದ್ದೆವು, ಮರಳಲ್ಲಿ ಒಮ್ಮೆಯೂ ಬಿಟ್ಟು ಬರಲಿಲ್ಲ. ಅಕ್ಕ ಎಲ್ಲ ಕೋಣೆ ನೋಡಿ, ಯಜಮಾನರಿಗೆ ಫೋನ್ ಮಾಡಿ ಕೊಟ್ಟರು. ಠೇವಣಿ ಅವತ್ತೇ ಪೂರ್ತಿ ವಾಪಸ್ ಬಂತು. ‘ಮುಂದಿನ ವರ್ಷ ಬರೋದಾದರೆ ಒಂದು ತಿಂಗಳು ಮೊದಲೇ ಹೇಳಿ, ನಾಯಿ ಇರುವವರಿಗೇ ಮೊದಲು ಕೊಡ್ತೇನೆ’ ಅಂದರು ಯಜಮಾನರು. ಜನವರಿಯ ಅಷ್ಟಮಿ ಯಾವತ್ತು ಬರುತ್ತೆ ಅಂತ ನೋಡಿ, ಅವರಿಗೆ ದಿನಾಂಕ ಕಳಿಸಿದ್ದೇನೆ.