ಕಾರ್ ಶೆಡ್ಡಿನಲ್ಲಿ ಮುದ್ದೆ ಕೋಲು

ನನ್ನದು ಮೈಸೂರಿನಲ್ಲಿ ಆಫೀಸ್ ಕೆಲಸ. ಮರಗೆಲಸ ಭಾನುವಾರದ ಹುಚ್ಚು. ಮನೆಯ ಕಾರ್ ಶೆಡ್ಡಿನಲ್ಲಿ ಒಂದು ಸಣ್ಣ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ), ಒಂದು ಬೆಂಚು, ಗೋಡೆಗೆ ನೇತು ಹಾಕಿದ ಉಳಿ-ಗರಗಸ, ಇಷ್ಟೇ ಆಸ್ತಿ. ಕಾರು ರಸ್ತೆಯಲ್ಲಿ ಬಿಸಿಲು ಕಾಯುತ್ತದೆ. ಈ ಹವ್ಯಾಸದಿಂದ ಈಗ ತಿಂಗಳಿಗೆ ಸ್ವಲ್ಪ ದುಡ್ಡು ಬರುತ್ತಿದೆ, ಹೇಗೆ ಶುರು ಮಾಡಿದ್ರಿ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಮಾರುವುದು ಮುಖ್ಯವಾಗಿ ಒಂದೇ ವಸ್ತು. ಮುದ್ದೆ ಕೋಲು, ರಾಗಿ ಮುದ್ದೆಗೆ ಹಿಟ್ಟು ತೊಳಸುವ ಕೋಲು. ನಗಬೇಡಿ.

ಮೊದಲು ಬಟ್ಟಲು, ಪೆನ್ನು, ದೀಪದ ಕಂಬ, ಕೈಗೆ ಬಂದದ್ದೆಲ್ಲ ಕಡೆಯುತ್ತಿದ್ದೆ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಿದ್ದರು, ದುಡ್ಡು ಕೊಟ್ಟು ಕೇಳಿದವರು ಕಡಿಮೆ. ಕೇಳಿದ್ದು ನಮ್ಮ ಅತ್ತಿಗೆ. "ಇದೆಲ್ಲ ಬಿಟ್ಟು ನನಗೊಂದು ಸರಿಯಾದ ಕೋಲು ಮಾಡಿಕೊಡಪ್ಪ, ಸಂತೆ ಕೋಲು ಹಿಡಿದು ಭುಜ ಬಿದ್ದುಹೋಯ್ತು" ಅಂದರು. ಅಡುಗೆಮನೆಗೆ ಹೋಗಿ ಅವರು ಹಿಟ್ಟು ತೊಳಸುವುದನ್ನೇ ನಿಂತು ನೋಡಿದೆ. ಹಳೇ ಕೋಲು ನೆಲದ ಒಲೆಗೆ ಮಾಡಿದ್ದು. ಕೂತು, ಪಾತ್ರೆಗೆ ಕವೆಗೋಲು ಕೊಟ್ಟು, ಮೇಲಿನಿಂದ ಮೈಭಾರ ಬಿಟ್ಟು ತೊಳಸುವವರಿಗೆ ಉದ್ದದ ದಪ್ಪ ಕೋಲೇ ಬೇಕು. ಈಗ ಪಾತ್ರೆ ಕಟ್ಟೆಯ ಮೇಲಿನ ಗ್ಯಾಸ್ ಒಲೆಯಲ್ಲಿದೆ, ಅದೇ ಕೋಲು ಇಟ್ಟರೆ ತುದಿ ಎದೆಯ ಮಟ್ಟಕ್ಕೆ ಬರುತ್ತದೆ, ಕೈ ಮೇಲೆತ್ತಿ ತಿರುಗಿಸಬೇಕು, ಭುಜ ನೋಯದೆ ಇನ್ನೇನಾಗುತ್ತೆ? ಹಿಟ್ಟೂ ಈಗ ಇಬ್ಬರಿಗೆ, ಮೂವರಿಗೆ ಮಾಡುವಷ್ಟು. ಹಾಗಾಗಿ ಕೋಲು ಗಿಡ್ಡ ಮಾಡಿದೆ, ತುದಿಯನ್ನು ಗುಂಡಗೆ ಮಾಡಿದೆ, ಹಿಡಿಯುವ ಕಡೆ ಸ್ವಲ್ಪ ಉಬ್ಬು ಕೊಟ್ಟೆ. ಅತ್ತಿಗೆ ತಮ್ಮ ಅಕ್ಕನಿಗೆ ಹೇಳಿದರು, ಅವರು ಬೆಂಗಳೂರಿನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದರು. ಜಾಹೀರಾತು ಅಂದ್ರೆ ಅಷ್ಟೇ.

ಈಗಲೂ ಆರ್ಡರ್ ಬಂದರೆ ಮೊದಲು ಕೇಳುವುದು ಪಾತ್ರೆಯ ಎತ್ತರ. ಎರಡನೆಯದು, ನಾನ್‌ಸ್ಟಿಕ್ಕಾ ಅಂತ.

ಮರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ಕುದಿಯುವ ನೀರಿಗೆ ಇಳಿಯುವ ಸಾಮಾನು. ಸಾಮಿಲ್ಲಿನಲ್ಲಿ ಸಿಗುವ ಮರಗಳ ಚೂರುಗಳನ್ನು ಒಂದೊಂದಾಗಿ ನೀರಲ್ಲಿ ಹಾಕಿ ಕುದಿಸಿ ನೋಡಿದೆ. ಹಲಸು ನೀರನ್ನು ಅರಿಶಿನದ ಹಾಗೆ ಹಳದಿ ಮಾಡಿತು. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದುದೇ ಈ ಹಲಸಿನ ಚೇಗಿನಿಂದ, ಅಂದರೆ ಕಾಂಡದ ಒಳಗಿನ ಗಟ್ಟಿ ಮರದಿಂದ. ಚಪಾತಿ ಮಣೆಗೆ ಅದು ಒಳ್ಳೆಯ ಮರ, ಕೋಲಿಗೆ ಬೇಡ. ತೇಗವೂ ಬಣ್ಣ ಬಿಟ್ಟಿತು. ಕೊನೆಗೆ ಹಿಡಿದದ್ದು ಹುಣಸೆ. ಗಾಣಕ್ಕೆ, ಒನಕೆಗೆ ಹಾಕುತ್ತಿದ್ದ ಮರ, ಗಟ್ಟಿ ಅಂದರೆ ಗಟ್ಟಿ, ಉಳಿ ಬೇಗ ಮೊಂಡಾಗುತ್ತದೆ. ಬೆಳ್ಳಗಿನ ಹೊರಭಾಗಕ್ಕೆ ಕುಟ್ಟೆ ಹುಳು ಹಿಡಿಯುವುದು ಜಾಸ್ತಿ, ಅದಕ್ಕೆ ಚೇಗು ಮಾತ್ರ ಆರಿಸಿಕೊಳ್ಳುತ್ತೇನೆ, ನಡುವಿನ ತಿರುಳು ಬಂದ ತುಂಡನ್ನೂ ಬಿಡುತ್ತೇನೆ, ಇಲ್ಲದಿದ್ದರೆ ಒಣಗುವಾಗ ಅಲ್ಲಿಂದಲೇ ಸೀಳುತ್ತದೆ. ಎರಡೂ ತುದಿಗೆ ಮೇಣ ಬಳಿದು ನೆರಳಲ್ಲಿ ಒಣಗಿಸಬೇಕು. ಒಣಗಿತಾ ಇಲ್ಲವಾ ತಿಳಿಯಲು ಯಂತ್ರ ಬೇಕಿಲ್ಲ, ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ತುಂಡಿನ ಮೇಲೇ ಪೆನ್ಸಿಲ್ಲಿನಲ್ಲಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಲೇತ್‌ಗೆ ಹಾಕಬಹುದು.

ಪಾಲಿಶ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಜೇನುಮೇಣ 62-64 ಡಿಗ್ರಿಗೇ ಕರಗುತ್ತದೆ, ಹಿಟ್ಟಿನ ಪಾತ್ರೆಯಲ್ಲಿ ಅದು ಮುದ್ದೆಗೆ ಸೇರುತ್ತದೆ ಅಷ್ಟೆ. ಅದಕ್ಕೇ ತೊಳಸುವ ತುದಿಗೆ ನಾನು ಏನೂ ಹಚ್ಚುವುದಿಲ್ಲ. 120, 180, 240 ನಂಬರಿನ ಉಪ್ಪುಕಾಗದ ಹೊಡೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡುತ್ತೇನೆ. ನಾರು ಎದ್ದು ಮೇಲ್ಮೈ ಗರಗರ ಅನ್ನುತ್ತದೆ. ಮತ್ತೆ ಉಜ್ಜಿ, ಮತ್ತೆ ಒರೆಸಿ, ನೀರು ತಾಗಿದರೂ ನಾರು ಏಳದೇ ಇರುವ ತನಕ. ಬೇಸರದ ಕೆಲಸ ನಿಜ, ಆದರೆ ನಮ್ಮ ಕೋಲಿಗೂ ಸಂತೆ ಕೋಲಿಗೂ ಇರುವ ವ್ಯತ್ಯಾಸದಲ್ಲಿ ಅರ್ಧ ಇಲ್ಲೇ ಇದೆ. ಹಿಡಿಗೆ ಮಾತ್ರ ಹಸಿ ಅಗಸೆ ಎಣ್ಣೆ. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಬೇಡ, ಅದರಲ್ಲಿ ಬೇಗ ಒಣಗಲು ಲೋಹದ ಲವಣ ಹಾಕಿರುತ್ತಾರೆ. ಇನ್ನೊಂದು, ಅಗಸೆ ಎಣ್ಣೆಯ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಲೇತ್ ಮುಂದೆ ಗ್ಲೌಸ್, ತುಂಬುತೋಳಿನ ಶರ್ಟು, ಪಂಚೆ ಯಾವುದೂ ಬೇಡ, ತಿರುಗುವ ಮರಕ್ಕೆ ಸಿಕ್ಕಿಕೊಳ್ಳುತ್ತವೆ. ಮಾಸ್ಕ್ ಬೇಕೇ ಬೇಕು. ಮರದ ಪುಡಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಸದ್ದಿನ ಬಗ್ಗೆ ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಮೊದಲೇ ಮಾತಾಡಿಕೊಂಡೆ, ಅವರ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ನನ್ನದು ಉಪ್ಪುಕಾಗದದ ಕೆಲಸ.

ಬೆಲೆ. ಮರ 40 ರೂಪಾಯಿ, ಉಪ್ಪುಕಾಗದ ಎಣ್ಣೆ ಕರೆಂಟು 20, ಪೆಟ್ಟಿಗೆ 20. ನನ್ನ ಕೂಲಿ ಗಂಟೆಗೆ 200, ಒಂದು ಕೋಲಿಗೆ ಅರ್ಧ ಗಂಟೆ ಅಂದರೆ 100. ಉಳಿ ಸಾಣೆ, ಸೀಳಿ ಹಾಳಾಗುವ ತುಂಡು, ಎಲ್ಲ ಸೇರಿಸಿ 260ಕ್ಕೆ ಕೊಡುತ್ತೇನೆ, ಕೊರಿಯರ್ ಬೇರೆ. "ಸಂತೆಲಿ ನೂರಕ್ಕೆ ಕೊಡ್ತಾರಲ್ಲಪ್ಪ" ಅಂತ ಎದುರು ಮನೆ ಆಂಟಿ ಅಂದರು. ಹೌದು ಆಂಟಿ, ಸಂತೆ ಕೋಲೇ ಸಾಕಾದವರು ಅದನ್ನೇ ತಗೊಳ್ಳಲಿ ಅಂದೆ. ಹವ್ಯಾಸ ತಾನೇ ಅಂತ ಕೂಲಿ ಬಿಟ್ಟುಕೊಟ್ಟರೆ, ಇದನ್ನೇ ನಂಬಿ ಬದುಕುವ ಆಚಾರ್ರ ಬೆಲೆಯನ್ನೂ ಕೆಡಿಸಿದ ಹಾಗೆ.

ಕಾಗದಪತ್ರ ಅಷ್ಟೇನೂ ಕಷ್ಟವಿಲ್ಲ. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು, ಏಜೆಂಟಿಗೆ ದುಡ್ಡು ಕೊಡಬೇಡಿ. ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದ ಮೇಲೆ, ಹೊರ ರಾಜ್ಯಕ್ಕೆ ಮಾರಿದರೆ ನಿಯಮ ಬೇರೆ, ಅದಕ್ಕೇ ನಾನು ಸದ್ಯ ಕರ್ನಾಟಕದೊಳಗೇ ಇದ್ದೇನೆ. ಲೆಕ್ಕ ಮಾತ್ರ ಬರೆದಿಡಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ನಾನು ಕೋಲಿನ ದುಡ್ಡಿಗೇ ಬೇರೆ ಖಾತೆ ಇಟ್ಟಿದ್ದೇನೆ. ಸರ್ಕಾರಿ ನೌಕರಿಯಲ್ಲಿದ್ದರೆ ನಡತೆ ನಿಯಮ ಅಡ್ಡ ಬರುತ್ತದೆ, ಮೊದಲು ವಿಚಾರಿಸಿಕೊಳ್ಳಿ.

ಒಂದೇ ಆಕಾರವನ್ನು ಮತ್ತೆ ಮತ್ತೆ ಕಡೆದು ಬೇಜಾರಾಗಲ್ವಾ ಅಂತ ಕೇಳುತ್ತಾರೆ. ಆಗುತ್ತೆ. ಅದಕ್ಕೇ ತಿಂಗಳಲ್ಲಿ ಒಂದು ಭಾನುವಾರ ಆರ್ಡರ್ ಮುಟ್ಟುವುದಿಲ್ಲ, ಮನಸ್ಸಿಗೆ ಬಂದದ್ದು ಮಾಡುತ್ತೇನೆ, ಅದನ್ನು ಮಾರುವುದೂ ಇಲ್ಲ. ಮೊನ್ನೆ ಒಬ್ಬರು ಗೃಹಪ್ರವೇಶಕ್ಕೆ ಬಂದವರಿಗೆ ಕೊಡಲು ಇನ್ನೂರು ಕೋಲು ಕೇಳಿದರು. ಆಗಲ್ಲ ಅಂದೆ. ನಮ್ಮ ಬಡಾವಣೆಯ ಹಿಂದೆಯೇ ದೊಡ್ಡ ಲೇತ್ ಇಟ್ಟುಕೊಂಡ ಆಚಾರ್ರಿದ್ದಾರೆ, ಅವರ ನಂಬರ್ ಕೊಟ್ಟು, ಅಳತೆಗೆ ಒಂದು ಕೋಲು ಕಳಿಸಿಕೊಟ್ಟೆ.